ಎಷ್ಟರಲ್ಲಿ ಎಷ್ಟು? ಕೆಲಸದ ಜಾಗದಲ್ಲೇ ಡೇಟಾ ಓದಲು ಕಲಿಸುವ ಪೂರ್ತಿ ವಿಧಾನ

ಕೆಲವು ವರ್ಷಗಳ ಹಿಂದೆ ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಎರಡು ದಿನದ ಎಕ್ಸೆಲ್ ತರಬೇತಿ ಕೊಟ್ಟೆ. ಪ್ರೊಜೆಕ್ಟರ್ ಇತ್ತು. ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್ ಇತ್ತು. ಕೊನೆಗೆ ಸರ್ಟಿಫಿಕೇಟ್ ಕೂಡ ಇತ್ತು. ಪಿವಟ್ ಟೇಬಲ್ (ಅಂಕಿಗಳನ್ನು ಗುಂಪು ಮಾಡಿ ಕೂಡಿಕೊಡುವ ಎಕ್ಸೆಲ್ ಸಾಧನ) ತೋರಿಸಿದಾಗ ಎಲ್ಲರೂ ತಲೆಯಾಡಿಸಿದರು. ತಿಂಗಳು ಬಿಟ್ಟು ಹೋಗಿ ನೋಡಿದರೆ, ಕಲಿತದ್ದನ್ನು ಒಬ್ಬರೂ ಮುಟ್ಟಿರಲಿಲ್ಲ.

ಆವತ್ತು ಮಾಡಲು ಬೇರೆ ಕೆಲಸವಿಲ್ಲದೆ ಲೈನ್ ಪಕ್ಕದಲ್ಲಿದ್ದ ರಿಜೆಕ್ಷನ್ ರಿಜಿಸ್ಟರ್ ತಿರುವಿದೆ, ದಿನಾ ಎಷ್ಟು ಪೀಸ್ ಕೆಟ್ಟವು ಅಂತ ಬರೆಯುವ ಪುಸ್ತಕ. ಸೋಮವಾರ 2. ಮಂಗಳವಾರ 2. ಬುಧವಾರ 2. ಗುರುವಾರ 1. ಶುಕ್ರವಾರ 2. ಆದರೆ ಕೆಟ್ಟ ಪೀಸ್ ಹಾಕುವ, ಮೂಲೆಯಲ್ಲಿದ್ದ ಕೆಂಪು ಬಿನ್ ತುಂಬಿ ಹೊರಗೆ ಬೀಳುತ್ತಿತ್ತು. "ಇದೇನಣ್ಣ?" ಅಂತ ಒಬ್ಬ ಆಪರೇಟರ್‌ನ ಕೇಳಿದೆ. ಅವರು ನಕ್ಕರು. "ಎರಡಕ್ಕಿಂತ ಜಾಸ್ತಿ ಬರೆದ್ರೆ ಮೀಟಿಂಗ್‌ಗೆ ಕರೀತಾರೆ ಸಾರ್."

ಪಿವಟ್ ಟೇಬಲ್‌ಗೆ ಹಾಕುವ ಅಂಕಿಯೇ ಸುಳ್ಳು. ನಾನು ಎರಡು ದಿನ ಅದನ್ನು ಚೆನ್ನಾಗಿ ಕೂಡುವುದು ಹೇಗೆ ಅಂತ ಕಲಿಸಿದ್ದೆ!

ಆಮೇಲೆ ಕಂಪ್ಯೂಟರ್ ಕ್ಲಾಸ್ ಬಿಟ್ಟೆ. ಕೆಲಸಗಾರರ ಕೈಯಲ್ಲೇ, ಅವರ ಕೆಲಸದ ಅಂಕಿಗಳ ಮೇಲೇ, ಮಷೀನ್ ಪಕ್ಕದಲ್ಲೇ ಕಲಿಸಲು ಶುರು ಮಾಡಿದೆ. ಆ ವಿಧಾನವನ್ನೇ ಇಲ್ಲಿ ಬರೆದಿದ್ದೇನೆ. 20ರಿಂದ 100 ಜನ ಇರುವ ಘಟಕಕ್ಕೆ ಇದು ಹೊಂದುತ್ತದೆ. ಪೂರ್ತಿ ಮುಗಿಯಲು 12 ವಾರ ಬೇಕು. ವಾರಕ್ಕೆ ಒಂದು ಗಂಟೆ ಸಾಕು, ಆದರೆ ಆ ಗಂಟೆ ಸಂಬಳದ ಸಮಯದೊಳಗೇ ಇರಬೇಕು. ಶಿಫ್ಟ್ ಮುಗಿದ ಮೇಲೆ ಕೂರಿಸಿದರೆ ಎಲ್ಲರ ಕಣ್ಣೂ ಬಸ್ ಟೈಮ್ ಮೇಲಿರುತ್ತದೆ.

ಡೇಟಾ ಸಾಕ್ಷರತೆ ಅಂದರೆ ಇಷ್ಟೇ

ಹೆಸರು ದೊಡ್ಡದು, ವಿಷಯ ಚಿಕ್ಕದು. ಹಳ್ಳಿಯ ಹಾಲಿನ ಡೇರಿ ಮುಂದೆ ಬೆಳಿಗ್ಗೆ ಹತ್ತು ನಿಮಿಷ ನಿಲ್ಲಿ. ಹಾಲು ಹಾಕಿದ ಅಮ್ಮ ಚೀಟಿ ನೋಡುತ್ತಾರೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು. ನಿನ್ನೆ 4.1 ಇದ್ದ ಫ್ಯಾಟ್ ಇವತ್ತು 3.4 ಯಾಕಾಯಿತು ಅಂತ ಜಗಳಕ್ಕೇ ನಿಲ್ಲುತ್ತಾರೆ. ಹಿಂಡಿ ಬದಲಾಯಿಸಿದ್ದಕ್ಕಾ? ಕೊನೆಯ ಗಟ್ಟಿ ಹಾಲನ್ನು ಕರು ಕುಡಿಯಿತಾ? ಇಲ್ಲಾ ಮಷೀನೇ ಕೆಟ್ಟಿದೆಯಾ?

ಅವರು ಅಂಕಿ ಓದಿದರು, ಅನುಮಾನಪಟ್ಟರು, ಕಾರಣ ಹುಡುಕಿದರು, ನಾಳೆ ಏನು ಮಾಡಬೇಕು ಅಂತ ತೀರ್ಮಾನಿಸಿದರು. ಡೇಟಾ ಸಾಕ್ಷರತೆ ಅಂದರೆ ಇದೇ. ನಿಮ್ಮ ಕೆಲಸಗಾರರಲ್ಲಿ ಇದು ಆಗಲೇ ಇದೆ, ಫ್ಯಾಕ್ಟರಿ ಗೇಟಿನೊಳಗೆ ಬರುವಾಗ ಹೊರಗೇ ಬಿಟ್ಟು ಬರುತ್ತಾರೆ. ಯಾಕೆ ಅನ್ನುವುದು ಮೊದಲ ಹೆಜ್ಜೆಯ ವಿಷಯ.

ಹೆಜ್ಜೆ 1: ಮೊದಲು ಭಯ ತೆಗೆಯಿರಿ

ಮಾಲೀಕರು ಅಥವಾ ಪ್ಲಾಂಟ್ ಮ್ಯಾನೇಜರ್ ಒಂದು ಮಾತು ಕೊಡಬೇಕು. ಈ 12 ವಾರ ಕಲಿಕೆಗಾಗಿ ಬರೆದ ಅಂಕಿಗಳನ್ನು ಯಾರ ಇನ್‌ಕ್ರಿಮೆಂಟ್‌ಗೂ, ಯಾರಿಗೆ ಬೈಯಲೂ ಬಳಸುವುದಿಲ್ಲ ಅಂತ. ಬಾಯಲ್ಲಿ ಹೇಳಿದರೆ ಸಾಲದು. ಕನ್ನಡದಲ್ಲಿ ಬರೆದು, ಸಹಿ ಹಾಕಿ, ನೋಟಿಸ್ ಬೋರ್ಡ್‌ಗೆ ಅಂಟಿಸಬೇಕು.

ಹಾಳೆಗಳಲ್ಲಿ ಮಷೀನ್ ನಂಬರ್ ಇರಲಿ, ಆಪರೇಟರ್ ಹೆಸರು ಬೇಡ. ಚಿಕ್ಕ ಶಾಪ್‌ನಲ್ಲಿ ಯಾವ ಮಷೀನ್ ಯಾರದ್ದು ಅಂತ ಎಲ್ಲರಿಗೂ ಗೊತ್ತು, ನಿಜ. ಆದರೂ ಹೆಸರು ಬರೆಯದಿರುವುದಕ್ಕೆ ಒಂದು ತೂಕ ಇದೆ.

ಒಂದು ಎಚ್ಚರಿಕೆ. ನಿಜ ಬರೆಯಲು ಶುರು ಮಾಡಿದ ಮೊದಲ ವಾರ ರಿಜೆಕ್ಷನ್ ಏರಿದ ಹಾಗೆ ಕಾಣುತ್ತದೆ. ಏರಿದ್ದು ರಿಜೆಕ್ಷನ್ ಅಲ್ಲ, ಪ್ರಾಮಾಣಿಕತೆ. ಇದನ್ನು ಮ್ಯಾನೇಜರ್‌ಗೆ ಮೊದಲೇ ಹೇಳಿಡಿ. ಹೇಳದೆ ಬಿಟ್ಟರೆ ಎರಡನೇ ವಾರದ ಸೋಮವಾರ ಬೆಳಿಗ್ಗೆ ಮೀಟಿಂಗ್ ಕರೆಯುತ್ತಾರೆ, ಅಲ್ಲಿಗೆ ನಿಮ್ಮ ಕಾರ್ಯಕ್ರಮ ಮುಗಿಯಿತು. ಈ ಮಾತು ಕೊಡಲು ಮ್ಯಾನೇಜ್‌ಮೆಂಟ್ ಒಪ್ಪದಿದ್ದರೆ ಮುಂದಿನ ಹೆಜ್ಜೆಗಳಿಗೆ ಹೋಗಲೇಬೇಡಿ. ಆ ದುಡ್ಡಲ್ಲಿ ಎಲ್ಲರಿಗೂ ಊಟ ಹಾಕಿಸಿ.

ಹೆಜ್ಜೆ 2: ಅವರದ್ದೇ ಪ್ರಶ್ನೆ ಹಿಡಿಯಿರಿ

ನಾಲ್ಕೈದು ಜನರ ತಂಡ ಮಾಡಿ. ಆಪರೇಟರ್, ಹೆಲ್ಪರ್, ಇನ್‌ಸ್ಪೆಕ್ಷನ್‌ನವರು, ಸಾಧ್ಯವಾದರೆ ಸ್ಟೋರ್ಸ್‌ನಿಂದ ಒಬ್ಬರು. "ನಿಮಗೆ ದಿನಾ ತಲೆನೋವು ಕೊಡುವುದು ಯಾವುದು?" ಅಂತ ಕೇಳಿ. "ಡೇಟಾ" ಅನ್ನುವ ಪದವನ್ನೇ ಎತ್ತಬೇಡಿ.

ಇದೇನೂ ಹೊಸ ಉಪಾಯವಲ್ಲ. ಜಪಾನಿನಲ್ಲಿ 1962ರಿಂದ ಕ್ವಾಲಿಟಿ ಸರ್ಕಲ್‌ಗಳು, ಅಂದರೆ ತಮ್ಮ ಕೆಲಸದ ತೊಂದರೆಗಳನ್ನು ತಾವೇ ಬಿಡಿಸುವ ಕೆಲಸಗಾರರ ಚಿಕ್ಕ ತಂಡಗಳು, ನಡೆದದ್ದು ಹೀಗೇ. ಅಲ್ಲಿನ ಗುಣಮಟ್ಟ ತಜ್ಞ ಇಶಿಕಾವಾ ಕಾವೊರು ಗೀಟಿನ ಹಾಳೆ, ಚಾರ್ಟ್‌ನಂಥ ಸರಳವಾದ ಏಳು ಸಾಧನಗಳನ್ನು ಎಂಜಿನಿಯರ್‌ಗಳ ಮೇಜಿನಿಂದ ಕೆಲಸಗಾರರ ಕೈಗೆ ತಂದರು. ನಮ್ಮಲ್ಲೂ 1980ರ ದಶಕದ ಶುರುವಿನಲ್ಲಿ ಬಿಎಚ್‌ಇಎಲ್‌ನ ಹೈದರಾಬಾದ್ ಘಟಕದಿಂದ ಈ ಪದ್ಧತಿ ಹರಡಿತು. ಎಷ್ಟೋ ಕಡೆ ಆಮೇಲೆ ಅದು ವರ್ಷಕ್ಕೊಮ್ಮೆ ಪ್ರೆಸೆಂಟೇಷನ್ ಮಾಡಿ ಟ್ರೋಫಿ ತರುವ ಕೆಲಸವಾಗಿ ಉಳಿಯಿತು. ನಮಗೆ ಬೇಕಾದದ್ದು ಟ್ರೋಫಿಗಿಂತ ಹಿಂದಿನ ಭಾಗ.

ಬಂದ ಪ್ರಶ್ನೆಗಳನ್ನು ಸೋಸಿ. ಮೂರು ವಾರದೊಳಗೆ ಉತ್ತರ ಸಿಗುವಂತಿರಬೇಕು, ಸರಿಪಡಿಸುವುದು ಅವರ ಕೈಯಲ್ಲೇ ಇರಬೇಕು, ಒಬ್ಬರ ಕುತ್ತಿಗೆಗೆ ಬರುವಂತಿರಬಾರದು. "ಆರ್ಡರ್ ಯಾಕೆ ಕಡಿಮೆಯಾಗಿದೆ?" ಒಳ್ಳೆಯ ಪ್ರಶ್ನೆಯೇ, ಆದರೆ ಇಲ್ಲಿಗಲ್ಲ. "ಬೋರ್ ಯಾಕೆ ಪದೇ ಪದೇ ಓವರ್‌ಸೈಜ್ ಆಗುತ್ತದೆ?" ಆಗಬಹುದು. (ಬೋರ್ ಅಂದರೆ ಪೀಸ್‌ನಲ್ಲಿ ಕೊರೆದ ರಂಧ್ರ.) ಮುಂದೆ ಇದೇ ಪ್ರಶ್ನೆಯನ್ನು ಹಿಡಿದು ಹೋಗೋಣ.

ಹೆಜ್ಜೆ 3: ಅಳತೆಯನ್ನೇ ಅಳೆಯಿರಿ

ಒಂದು ಪಿನ್ ತೆಗೆದುಕೊಳ್ಳಿ. ಡ್ರಾಯಿಂಗ್‌ನಲ್ಲಿ 25 ಮಿ.ಮೀ., ಟಾಲರೆನ್ಸ್ (ಒಪ್ಪಬಹುದಾದ ಹೆಚ್ಚುಕಮ್ಮಿ) ಪ್ಲಸ್ ಮೈನಸ್ 0.05 ಅಂತಿರಲಿ. ಐದು ಜನ, ಒಂದೇ ಮೈಕ್ರೋಮೀಟರ್, ಒಬ್ಬೊಬ್ಬರೂ ಮೂರು ಸಲ ಅಳೆದು ಚೀಟಿಯಲ್ಲಿ ಬರೆಯಲಿ. ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಆಮೇಲೆ ಹದಿನೈದು ಚೀಟಿಗಳನ್ನೂ ಬೋರ್ಡ್ ಮೇಲೆ ಅಂಟಿಸಿ.

24.98ರಿಂದ 25.03ರವರೆಗೆ ಬಂತು ಅಂದುಕೊಳ್ಳಿ. ಅಂತರ 0.05. ಪೀಸ್‌ಗೆ ಕೊಟ್ಟ ಒಟ್ಟು ಅವಕಾಶ 0.10. ಅಂದರೆ ಅದರಲ್ಲಿ ಅರ್ಧವನ್ನು ನಮ್ಮ ಕೈಯೇ ತಿಂದುಹಾಕಿತು. ಪಿನ್ ಬದಲಾಗಿಲ್ಲ, ಮೈಕ್ರೋಮೀಟರ್ ಬದಲಾಗಿಲ್ಲ. ಒಬ್ಬರು ರ‍್ಯಾಚೆಟ್ ತಿರುಗಿಸಿದರು, ಇನ್ನೊಬ್ಬರು ಥಿಂಬಲ್ಲೇ ಬಿಗಿ ಹಿಡಿದರು. ಒಬ್ಬರು ಪಿನ್ ಒರೆಸಿದರು, ಒಬ್ಬರು ಕೂಲಂಟ್ ಸಮೇತ ಅಳೆದರು.

ಇಷ್ಟರಲ್ಲಿ ಜನ ತಾವಾಗಿಯೇ ಮಾತಿಗಿಳಿಯುತ್ತಾರೆ. ಸುಮ್ನಿರಿ. ನೀವು ಏನೂ ವಿವರಿಸಬೇಡಿ. "ಹಾಗಾದ್ರೆ ಹೇಗೆ ಅಳೀಬೇಕು ಅಂತ ನಾವೇ ಬರೆದಿಡೋಣ" ಅಂತ ಅವರಲ್ಲೇ ಒಬ್ಬರು ಹೇಳುವವರೆಗೆ ಕಾಯಿರಿ.

ಆಫೀಸ್‌ನವರಿಗೂ ಇದೇ ಆಟ ನಡೆಯುತ್ತದೆ, ಮೈಕ್ರೋಮೀಟರ್ ಬದಲು ಒಂದು ಪದ ಕೊಡಿ. "ಡಿಸ್ಪ್ಯಾಚ್ ತಡ" ಅಂದರೆ ಏನು? ಗಾಡಿ ಗೇಟ್ ದಾಟಿದ್ದು ತಡವಾದರಾ, ಬಿಲ್ ಆದದ್ದಾ, ಗಿರಾಕಿಗೆ ಮುಟ್ಟಿದ್ದಾ? ಅಕೌಂಟ್ಸ್, ಸ್ಟೋರ್ಸ್, ಸೇಲ್ಸ್ ಮೂವರೂ ಬೇರೆ ಬೇರೆ ಬರೆಯುತ್ತಾರೆ. ತಿಂಗಳ ಮೀಟಿಂಗ್‌ನಲ್ಲಿ ಮೂವರ ಅಂಕಿ ಯಾಕೆ ತಾಳೆಯಾಗುವುದಿಲ್ಲ ಅಂತ ಆವತ್ತು ಗೊತ್ತಾಗುತ್ತದೆ.

ಹೆಜ್ಜೆ 4: ಗೀಟು ಹಾಕುವ ಹಾಳೆ

ಆಪ್ ಬೇಡ, ಟ್ಯಾಬ್ ಬೇಡ. ಒಂದು ಎ4 ಹಾಳೆ, ಪ್ಯಾಡ್, ದಾರ ಕಟ್ಟಿದ ಪೆನ್. ದಾರ ಮುಖ್ಯ, ಇಲ್ಲದಿದ್ದರೆ ಎರಡನೇ ದಿನ ಪೆನ್ ಇರುವುದಿಲ್ಲ.

ಎಡಗಡೆ ದೋಷದ ಬಗೆಗಳನ್ನು ಬರೆಯಿರಿ, ಶಾಪ್‌ನಲ್ಲಿ ಕರೆಯುವ ಹೆಸರಲ್ಲೇ: ಬೋರ್ ಓವರ್‌ಸೈಜ್, ಡೆಂಟ್, ಬರ್ (ಅಂಚಿನಲ್ಲಿ ಉಳಿಯುವ ಚೂಪು ಎಳೆ), ಥ್ರೆಡ್, ಇತರೆ. ಮೇಲ್ಗಡೆ ಶಿಫ್ಟ್‌ನ ಗಂಟೆಗಳು. ಒಂದು ಪೀಸ್ ರಿಜೆಕ್ಟ್ ಆದರೆ ಆ ಚೌಕದಲ್ಲಿ ಒಂದು ಗೀಟು. ನಾಲ್ಕು ಗೀಟು, ಐದನೆಯದು ಅಡ್ಡ. ಹಾಳೆಯ ತಲೆಯಲ್ಲಿ ತಾರೀಕು, ಶಿಫ್ಟ್, ಮಷೀನ್, ಯಾವ ಪೀಸ್. ಕೆಳಗೆ ಒಂದು ಸಾಲು: ಒಟ್ಟು ಎಷ್ಟು ಪೀಸ್ ಮಾಡಿದೆವು. ಈ ಕೊನೆಯ ಸಾಲನ್ನು ಎಲ್ಲರೂ ಮರೆಯುತ್ತಾರೆ. ಏಳನೇ ಹೆಜ್ಜೆ ನಿಂತಿರುವುದೇ ಅದರ ಮೇಲೆ.

ಸೊನ್ನೆಗೂ ಖಾಲಿಗೂ ವ್ಯತ್ಯಾಸ ಇದೆ ಅಂತ ಹೇಳಿಕೊಡಿ. ಸೊನ್ನೆ ಅಂದರೆ ನೋಡಿದೆವು, ಇರಲಿಲ್ಲ. ಖಾಲಿ ಅಂದರೆ ನೋಡಲೇ ಇಲ್ಲ. "ಇತರೆ" ಸಾಲು ಉಳಿದೆಲ್ಲಕ್ಕಿಂತ ಉದ್ದವಾದರೆ ನಿಮ್ಮ ಪಟ್ಟಿ ತಪ್ಪು, ಹೊಸದಾಗಿ ಮಾಡಿ. ಮೊದಲ ಹಾಳೆ ಮೂರು ದಿನವೂ ನಿಲ್ಲುವುದಿಲ್ಲ, ಅದಕ್ಕೆ ಬೇಜಾರು ಬೇಡ. ಹಾಳೆಯನ್ನು ತಿದ್ದುವುದೂ ಕಲಿಕೆಯೇ. ನೀವು ತಿದ್ದಿ ಪ್ರಿಂಟ್ ತಂದುಕೊಟ್ಟರೆ ಆ ಕಲಿಕೆ ನಿಮ್ಮದಾಗುತ್ತದೆ, ಅವರದ್ದಲ್ಲ.

ಹೆಜ್ಜೆ 5: ಅಲಸಂದೆ ಆಟ

ಎರಡು ವಾರ ಹಾಳೆ ತುಂಬುತ್ತಿರುವಾಗ ನಡುವೆ ಒಂದು ದಿನ ಈ ಆಟ ಆಡಿಸಿ. ನನ್ನ ಅನುಭವದಲ್ಲಿ ಇಡೀ 12 ವಾರದಲ್ಲಿ ಜನ ಮರೆಯದಿರುವುದು ಇದೊಂದನ್ನೇ.

ಮೂಲ ಆಟ ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಅವರದ್ದು. ಅವರ ಡಬ್ಬಿಯಲ್ಲಿ 4,000 ಮಣಿ ಇರುತ್ತಿದ್ದವು, ಅದರಲ್ಲಿ 800 ಕೆಂಪು. 50 ಗುಳಿಗಳಿರುವ ಹಲಗೆಯನ್ನು ಡಬ್ಬಿಯಲ್ಲಿ ಅದ್ದಿ ಎತ್ತಬೇಕು. ಮಣಿ ಹುಡುಕಿಕೊಂಡು ಚಿಕ್ಕಪೇಟೆಗೆ ಹೋಗಬೇಕಾಗಿಲ್ಲ. ಕಿರಾಣಿ ಅಂಗಡಿಯಿಂದ ಬಿಳಿ ಅಲಸಂದೆ, ಕೆಂಪು ಅಲಸಂದೆ ತನ್ನಿ. ಕಾಳುಗಳ ಗಾತ್ರ ಒಂದೇ ಇರಲಿ. 400 ಬಿಳಿ, 100 ಕೆಂಪು ಎಣಿಸಿ ಒಂದು ಪಾತ್ರೆಗೆ ಹಾಕಿ. ಎಣಿಸುವ ಕೆಲಸವನ್ನೂ ಅವರಿಗೇ ಕೊಡಿ. ಸ್ಕ್ರ್ಯಾಪ್ ಅಲ್ಯೂಮಿನಿಯಂ ತುಂಡಿನಲ್ಲಿ 50 ಗುಳಿ ತೋಡಲು ಮಷೀನ್ ಶಾಪ್‌ನವರಿಗೆ ಹತ್ತು ನಿಮಿಷ ಸಾಕು. ಆಫೀಸ್ ಆದರೆ ಕಣ್ಣು ಮುಚ್ಚಿ ಐವತ್ತು ಕಾಳು ಎಣಿಸಿ ತೆಗೆದರೂ ಆಯಿತು.

ಕೆಂಪು ಕಾಳು ಅಂದರೆ ರಿಜೆಕ್ಷನ್. ಆರು ಜನ ಆಪರೇಟರ್‌ಗಳು. ನೀವು ಸೂಪರ್‌ವೈಸರ್. ಒಬ್ಬೊಬ್ಬರಾಗಿ ಬಂದು ಹಲಗೆ ಅದ್ದಿ ಎತ್ತಬೇಕು, ಕೆಂಪು ಎಷ್ಟು ಅಂತ ಬೋರ್ಡ್ ಮೇಲೆ ಬರೆಯಬೇಕು, ಕಾಳು ವಾಪಸ್ ಸುರಿದು ಕಲಸಬೇಕು. ಒಬ್ಬರಿಗೆ 6 ಬರುತ್ತದೆ, ಇನ್ನೊಬ್ಬರಿಗೆ 13, ಮತ್ತೊಬ್ಬರಿಗೆ 9. ಈಗ ನಾಟಕ ಶುರು ಮಾಡಿ. 6 ಬಂದವರಿಗೆ "ತಿಂಗಳ ಉತ್ತಮ ಕೆಲಸಗಾರ" ಅಂತ ಒಂದು ಮೈಸೂರು ಪಾಕ್ ಕೊಡಿ. 13 ಬಂದವರಿಗೆ ಚೆನ್ನಾಗಿ ಬೈಯಿರಿ. "ಗಮನ ಎಲ್ಲಿರುತ್ತೆ ನಿಮ್ದು?" ಅಂತ ಕೇಳಿ. ಗೋಡೆಗೆ "ಗುಣಮಟ್ಟವೇ ನಮ್ಮ ಉಸಿರು" ಅಂತ ಪೋಸ್ಟರ್ ಅಂಟಿಸಿ. ಎರಡನೇ ಸುತ್ತು ಆಡಿಸಿ.

ಬೈಸಿಕೊಂಡವರಿಗೆ ಈ ಸಲ 8 ಬರಬಹುದು. "ನೋಡಿದ್ರಾ, ಬೈದ್ರೆ ಸರಿಹೋಗ್ತಾರೆ!" ಅನ್ನಿ. ಮೈಸೂರು ಪಾಕ್ ತಿಂದವರಿಗೆ 11. "ಹೊಗಳಿದ್ದಕ್ಕೆ ತಲೆ ತಿರುಗಿತು!" ಅನ್ನಿ. ಮೊದಮೊದಲು ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಮೂರನೇ ಸುತ್ತಿನ ಹೊತ್ತಿಗೆ ನಗು ನಿಲ್ಲುತ್ತದೆ. ಯಾಕೆಂದರೆ ಈ ನಾಟಕದ ಪ್ರತಿ ಡೈಲಾಗ್ ಅವರು ನಿಜವಾದ ಮೀಟಿಂಗ್‌ನಲ್ಲಿ ಕೇಳಿದ್ದೇ.

ಈಗ ಲೆಕ್ಕ. ಪಾತ್ರೆಯಲ್ಲಿ ಐದಕ್ಕೆ ಒಂದು ಕೆಂಪು. 50 ತೆಗೆದರೆ ಸುಮಾರು 10 ಬರಬೇಕು. ಪ್ರತಿ ಸಲ ಸರಿಯಾಗಿ 10 ಬರುವುದಿಲ್ಲ, ಹೆಚ್ಚಿನ ಸಲ 5ರಿಂದ 15ರ ನಡುವೆ ಬೀಳುತ್ತದೆ. ಈ ಏರಿಳಿತಕ್ಕೆ ಯಾರೂ ಕಾರಣರಲ್ಲ. 13 ಬಂದವರಿಗೆ ಬೈದರೂ, ಬೈಯದಿದ್ದರೂ, ಮುಂದಿನ ಸಲ ಕಡಿಮೆ ಬರುವ ಸಾಧ್ಯತೆಯೇ ಜಾಸ್ತಿ. ಕೆಂಪು ನಿಜಕ್ಕೂ ಕಡಿಮೆಯಾಗಬೇಕಾದರೆ ಪಾತ್ರೆಯೊಳಗಿನ ಕೆಂಪು ಕಾಳನ್ನೇ ತೆಗೆಯಬೇಕು. ಪಾತ್ರೆ ತುಂಬಿಸಿದವರು ಆಪರೇಟರ್‌ಗಳಲ್ಲ, ಅಲ್ವಾ?

ಸೂಪರ್‌ವೈಸರ್‌ಗಳನ್ನೂ ಮ್ಯಾನೇಜರ್‌ನೂ ಈ ಆಟಕ್ಕೆ ಕರೆಯಲೇಬೇಕು. ಆಪರೇಟರ್‌ಗಳಿಗಿಂತ ಅವರಿಗೇ ಇದು ಜಾಸ್ತಿ ಬೇಕು. ಸಾಧ್ಯವಾದರೆ ಮ್ಯಾನೇಜರ್ ಕೈಗೇ ಹಲಗೆ ಕೊಡಿ, ಬೈಯುವ ಕೆಲಸ ಹೆಲ್ಪರ್‌ಗೆ ಕೊಡಿ.

ಹೆಜ್ಜೆ 6: ಗೋಡೆ ಮೇಲೆ ಚುಕ್ಕಿ

ಮಷೀನ್ ಪಕ್ಕದ ಗೋಡೆಗೆ ದೊಡ್ಡ ಗ್ರಾಫ್ ಶೀಟ್ ಅಂಟಿಸಿ. ಅಡ್ಡಕ್ಕೆ ದಿನಗಳು, ಉದ್ದಕ್ಕೆ ನೂರಕ್ಕೆ ಎಷ್ಟು ರಿಜೆಕ್ಷನ್. ದಿನಾ ಶಿಫ್ಟ್ ಮುಗಿಯುವಾಗ ತಂಡದವರೇ ಒಂದು ಚುಕ್ಕಿ ಇಟ್ಟು ಹಿಂದಿನ ಚುಕ್ಕಿಗೆ ಗೆರೆ ಸೇರಿಸಲಿ. ಸರದಿ ಮೇಲೆ ಇಡಲಿ, ಒಬ್ಬರದ್ದೇ ಕೆಲಸ ಆಗಬಾರದು. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಕೊಟ್ಟ ಮೊದಲ ಕಂಟ್ರೋಲ್ ಚಾರ್ಟ್ (ಮಾಮೂಲು ಏರಿಳಿತದ ಮಿತಿ ತೋರಿಸುವ ಚಾರ್ಟ್) ಒಂದೇ ಒಂದು ಪುಟದ ಟಿಪ್ಪಣಿಯಲ್ಲಿತ್ತು. ನಮಗೂ ಕಾಗದ ಸಾಕು.

ಹನ್ನೆರಡು ಚುಕ್ಕಿ ಆದ ಮೇಲೆ ನಡುವಿನ ಗೆರೆ ಎಳೆಯಿರಿ. ಅರ್ಧ ಚುಕ್ಕಿಗಳು ಮೇಲೆ, ಅರ್ಧ ಕೆಳಗೆ. ಇದು ಸರಾಸರಿಯಲ್ಲ, ಮಧ್ಯದ ಅಂಕಿ. ಎರಡರ ವ್ಯತ್ಯಾಸ ತೋರಿಸಲು ಸ್ಟೋರ್ಸ್‌ನ ಲೆಕ್ಕ ಚೆನ್ನಾಗಿರುತ್ತದೆ. ಸಾಮಾನು ಬರಲು ಹಿಡಿದ ದಿನಗಳು 2, 3, 2, 4, 3, 2, 33. ಸರಾಸರಿ 7 ದಿನ. ಆದರೆ ಏಳರಲ್ಲಿ ಆರು ಸಲ ಸಾಮಾನು ನಾಲ್ಕು ದಿನದೊಳಗೇ ಬಂದಿದೆ! ಮಧ್ಯದ ಅಂಕಿ 3. ಒಂದು ಲಾರಿ ಎಲ್ಲೋ ಸಿಕ್ಕಿಹಾಕಿಕೊಂಡು ಇಡೀ ತಿಂಗಳ ಸರಾಸರಿ ಕೆಡಿಸಿತು.

ಇವತ್ತಿನ ಚುಕ್ಕಿ ನಿನ್ನೆಗಿಂತ ಮೇಲಿದ್ದರೆ ಏನೂ ಮಾಡಬೇಡಿ, ಅಲಸಂದೆ ನೆನಪಿಸಿಕೊಳ್ಳಿ. ಸತತ ಎಂಟು ಚುಕ್ಕಿ ಗೆರೆಯ ಒಂದೇ ಕಡೆ ಬಿದ್ದರೆ ಮಾತ್ರ ಏನೋ ಬದಲಾಗಿದೆ ಅಂತ ಹುಡುಕಿ. ಎಂಟೇ ಯಾಕೆ ಅಂತ ಕೇಳುವವರು ಇರುತ್ತಾರೆ, ಅವರ ಕೈಗೆ ನಾಣ್ಯ ಕೊಡಿ. ಎಂಟು ಸಲ ಚಿಮ್ಮಿದರೆ ಎಂಟೂ ಒಂದೇ ಮುಖ ಬೀಳುವ ಸಾಧ್ಯತೆ 128ರಲ್ಲಿ 1. ಮೂರ್ನಾಲ್ಕು ಸಲ ಒಂದೇ ಮುಖ ಬೀಳುವುದು ಮಾಮೂಲು.

ಹೆಜ್ಜೆ 7: ಎಷ್ಟರಲ್ಲಿ ಎಷ್ಟು?

ಈಗ ಎರಡು ವಾರದ ಹಾಳೆಗಳನ್ನು ಕೂಡಿ. ಲೆಕ್ಕ ಸುಲಭವಾಗಲಿ ಅಂತ ನಾನು ಇಲ್ಲಿ ದುಂಡು ಅಂಕಿಗಳ ಉದಾಹರಣೆ ಮಾಡಿಕೊಂಡಿದ್ದೇನೆ. ಬೆಳಿಗ್ಗೆ 6ಕ್ಕೆ ಫಸ್ಟ್ ಶಿಫ್ಟ್, ಮಧ್ಯಾಹ್ನ 2ಕ್ಕೆ ಸೆಕೆಂಡ್ ಶಿಫ್ಟ್, ರಾತ್ರಿ 10ಕ್ಕೆ ಮಷೀನ್ ಬಂದ್. ಒಟ್ಟು 4,000 ಪೀಸ್, 120 ರಿಜೆಕ್ಷನ್.

ಮೊದಲು ಬಗೆ ಬಗೆಯಾಗಿ ಬಿಡಿಸಿ. ಬೋರ್ ಓವರ್‌ಸೈಜ್ 62, ಡೆಂಟ್ 31, ಬರ್ 14, ಥ್ರೆಡ್ 8, ಇತರೆ 5. ಮೊದಲ ಎರಡೇ ಸೇರಿ 93, ಅಂದರೆ ಮುಕ್ಕಾಲಿಗಿಂತ ಜಾಸ್ತಿ. ಉಳಿದವನ್ನು ಸದ್ಯಕ್ಕೆ ಬಿಟ್ಟುಬಿಡಿ.

ಆಮೇಲೆ ಶಿಫ್ಟ್ ಪ್ರಕಾರ. ಫಸ್ಟ್ ಶಿಫ್ಟ್ 72, ಸೆಕೆಂಡ್ ಶಿಫ್ಟ್ 48. ಸೆಕೆಂಡ್ ಶಿಫ್ಟ್‌ನವರು ಕಾಲರ್ ಮೇಲೆತ್ತುತ್ತಾರೆ. ಇಲ್ಲಿ ಕೇಳಿ: ಎಷ್ಟರಲ್ಲಿ ಎಷ್ಟು? ಹಾಳೆಯ ಕೊನೆ ಸಾಲು ನೋಡಿದರೆ ಫಸ್ಟ್ ಶಿಫ್ಟ್ 2,800 ಪೀಸ್ ಮಾಡಿದೆ, ಸೆಕೆಂಡ್ 1,200. ನೂರಕ್ಕೆ ಲೆಕ್ಕ ಹಾಕಿದರೆ 2.6 ಮತ್ತು 4. ಈಗ ಫಸ್ಟ್ ಶಿಫ್ಟ್‌ನವರ ಕಾಲರ್ ಮೇಲೆ.

ಹೆಚ್ಚಿನ ಮೀಟಿಂಗ್‌ಗಳು ಇಲ್ಲಿಗೇ ಮುಗಿಯುತ್ತವೆ. ಸೆಕೆಂಡ್ ಶಿಫ್ಟ್ ಸೂಪರ್‌ವೈಸರ್‌ಗೆ ಮೆಮೊ ಹೋಗುತ್ತದೆ. ನೀವು ಇನ್ನೊಂದು ಸಲ ಬಿಡಿಸಿ, ಈ ಸಲ ಪೀಸ್ ಪ್ರಕಾರ. ಈ ಲೈನ್‌ನಲ್ಲಿ ಎರಡು ಬಗೆ ಪೀಸ್ ಓಡುತ್ತವೆ. ಬುಷ್ ಸುಲಭ, ಬೇಗ ಆಗುತ್ತದೆ. ಹೌಸಿಂಗ್ ಕಷ್ಟ, ಹೊತ್ತು ಹಿಡಿಯುತ್ತದೆ.

ಬುಷ್‌ನಲ್ಲಿ ಫಸ್ಟ್ ಶಿಫ್ಟ್ 2,400ರಲ್ಲಿ 48, ಸೆಕೆಂಡ್ ಶಿಫ್ಟ್ 300ರಲ್ಲಿ 6. ಇಬ್ಬರದ್ದೂ ನೂರಕ್ಕೆ 2. ಹೌಸಿಂಗ್‌ನಲ್ಲಿ ಫಸ್ಟ್ ಶಿಫ್ಟ್ 400ರಲ್ಲಿ 24, ಅಂದರೆ ನೂರಕ್ಕೆ 6. ಸೆಕೆಂಡ್ ಶಿಫ್ಟ್ 900ರಲ್ಲಿ 42, ಅಂದರೆ ನೂರಕ್ಕೆ 4.7.

ಇನ್ನೊಮ್ಮೆ ಓದಿ. ಬುಷ್‌ನಲ್ಲಿ ಸಮ, ಹೌಸಿಂಗ್‌ನಲ್ಲಿ ಸೆಕೆಂಡ್ ಶಿಫ್ಟ್‌ನವರೇ ಮೇಲು. ಆದರೂ ಒಟ್ಟು ಕೂಡಿದರೆ ಅವರೇ ಕೆಟ್ಟವರಾಗಿ ಕಾಣುತ್ತಾರೆ. ಕಷ್ಟದ ಪೀಸನ್ನೆಲ್ಲ ಅವರ ತಲೆಗೆ ಕಟ್ಟಿದ್ದಷ್ಟೇ ಕಾರಣ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅನ್ನುತ್ತಾರೆ. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರವೇಶದ ಅಂಕಿಗಳೂ ಇದೇ ಆಟ ಆಡಿದವು. ಗಂಡಸರಲ್ಲಿ ನೂರಕ್ಕೆ 44, ಹೆಂಗಸರಲ್ಲಿ ನೂರಕ್ಕೆ 35 ಜನಕ್ಕೆ ಸೀಟು ಸಿಕ್ಕಿತ್ತು. ವಿಭಾಗವಾರು ಬಿಡಿಸಿ ನೋಡಿದಾಗ ಹೆಂಗಸರು ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಜಾಸ್ತಿ ಅರ್ಜಿ ಹಾಕಿದ್ದು ಗೊತ್ತಾಯಿತು.

ಈ ಲೆಕ್ಕವನ್ನು ನೀವು ಬೋರ್ಡ್ ಮೇಲೆ ಬರೆದು ತೋರಿಸಬೇಡಿ. ಹಾಳೆಗಳ ಕಟ್ಟನ್ನು ತಂಡದ ಕೈಗೆ ಕೊಡಿ. ಮೊದಲು ಶಿಫ್ಟ್ ಪ್ರಕಾರ ಎರಡು ರಾಶಿ ಮಾಡಲಿ, ಆಮೇಲೆ ಪೀಸ್ ಪ್ರಕಾರ ನಾಲ್ಕು ರಾಶಿ. ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ನಾಲ್ಕನೇ ರಾಶಿಯ ಲೆಕ್ಕ ಬರುವಾಗ ಅವರ ಮುಖ ನೋಡಲು ಮರೆಯಬೇಡಿ.

ಹೆಜ್ಜೆ 8: ಒಂದೇ ಒಂದು ಬದಲಾವಣೆ

ಈಗ ಪ್ರಶ್ನೆ ಬದಲಾಯಿತು. ಫಸ್ಟ್ ಶಿಫ್ಟ್‌ನಲ್ಲಿ ಏನಾಗುತ್ತಿದೆ? ಹಾಳೆಯಲ್ಲಿ ಗಂಟೆಗಳ ಸಾಲು ಇದೆಯಲ್ಲ, ಅದನ್ನು ನೋಡಿ. ಫಸ್ಟ್ ಶಿಫ್ಟ್‌ನ 40 ಬೋರ್ ಓವರ್‌ಸೈಜ್‌ನಲ್ಲಿ 27 ಬೆಳಿಗ್ಗೆ 6ರಿಂದ 7ರೊಳಗೇ ಬಿದ್ದಿವೆ.

ಹಳೆಯ ಆಪರೇಟರ್‌ಗಳಿಗೆ ಕಾರಣ ತಕ್ಷಣ ಹೊಳೆಯುತ್ತದೆ. ರಾತ್ರಿಯಿಡೀ ನಿಂತ ಮಷೀನ್ ತಣ್ಣಗಿರುತ್ತದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಸ್ಪಿಂಡಲ್, ಬಾಲ್ ಸ್ಕ್ರೂ ಎಲ್ಲ ಹಿಗ್ಗುತ್ತವೆ. ಬಿಸಿ ಮಷೀನಿಗೆ ಹೊಂದಿಸಿದ ಆಫ್‌ಸೆಟ್ (ಟೂಲ್‌ನ ಜಾಗ ಸರಿಪಡಿಸಲು ಕೊಡುವ ಅಂಕಿ) ತಣ್ಣಗಿನ ಮಷೀನಿಗೆ ಹೊಂದುವುದಿಲ್ಲ. ಸೆಕೆಂಡ್ ಶಿಫ್ಟ್‌ನವರಿಗೆ ಈ ಕಾಟ ಇಲ್ಲ, ಅವರಿಗೆ ಸಿಗುವುದು ಬಿಸಿ ಮಷೀನು.

ಆದರೂ ಇದು ಸದ್ಯಕ್ಕೆ ಊಹೆ. ಪರೀಕ್ಷೆ ಮಾಡಿ. ಬೆಳಿಗ್ಗೆ ಪೀಸ್ ಹಾಕುವ ಮೊದಲು 20 ನಿಮಿಷ ಖಾಲಿ ಪ್ರೋಗ್ರಾಂ ಓಡಿಸುವುದು, ಎರಡು ವಾರ. ಈ ಎರಡು ವಾರ ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಬ್ರ್ಯಾಂಡ್ ಬದಲಾಯಿಸಬೇಡಿ, ಕೂಲಂಟ್ ಬದಲಾಯಿಸಬೇಡಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಏನಾಗಬಹುದು ಅಂತ ಪ್ರತಿಯೊಬ್ಬರೂ ಮೊದಲೇ ಚೀಟಿಯಲ್ಲಿ ಬರೆದಿಡಲಿ. ಆಮೇಲೆ "ನಾನು ಮೊದ್ಲೇ ಹೇಳಿದ್ದೆ" ಅನ್ನುವವರ ಕಾಟ ತಪ್ಪುತ್ತದೆ.

27 ಇದ್ದದ್ದು 9ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಚಪ್ಪಾಳೆ ತಟ್ಟುವ ಮೊದಲು ಮತ್ತೆ ಅದೇ ಪ್ರಶ್ನೆ. ಪೀಸ್ ಹಾಕಲು ಶುರು ಮಾಡಿದ ಮೊದಲ ಗಂಟೆಯಲ್ಲಿ ಮುಂಚೆ 350 ಪೀಸ್‌ನಲ್ಲಿ 27, ಈಗ 340ರಲ್ಲಿ 9. ಸರಿ, ನಿಜಕ್ಕೂ ಇಳಿದಿದೆ. ಆದರೆ 20 ನಿಮಿಷದ ಕರೆಂಟ್, 20 ನಿಮಿಷದ ಉತ್ಪಾದನೆ ಹೋಯಿತಲ್ಲ? ಅದನ್ನೂ ಲೆಕ್ಕಕ್ಕೆ ತನ್ನಿ. ಉಳಿದ 18 ಪೀಸ್‌ನ ಬೆಲೆಗಿಂತ ಅದು ಜಾಸ್ತಿಯಾದರೆ ಬೇರೆ ದಾರಿ ನೋಡಬೇಕು. ಒಂದು ತಂಡ ಹೀಗೆ ಲೆಕ್ಕ ಹಾಕಿ, ವಾಚ್‌ಮ್ಯಾನ್‌ಗೆ 5:40ಕ್ಕೇ ಮಷೀನ್ ಆನ್ ಮಾಡಲು ಹೇಳೋಣ ಅಂತ ಸೂಚಿಸಿತು. ಸುರಕ್ಷತೆಯ ದೃಷ್ಟಿಯಿಂದ ಅದು ಬೇಡ ಅಂದೆ, ಆದರೆ ಯೋಚನೆ ಸರಿಯಾದ ದಾರಿಯಲ್ಲಿತ್ತು.

ಹೆಜ್ಜೆ 9: ಈಗ ಕಂಪ್ಯೂಟರ್ ತೆಗೆಯಿರಿ

ಒಂಬತ್ತನೇ ವಾರದವರೆಗೆ ಲ್ಯಾಪ್‌ಟಾಪ್ ಮುಚ್ಚಿರಲಿ. ಕೈಯಲ್ಲಿ ನಾಲ್ಕು ರಾಶಿ ಮಾಡಿದವರಿಗೆ ಪಿವಟ್ ಟೇಬಲ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. "ಓ, ಇದು ರಾಶಿ ಮಾಡೋದೇ!" ಅನ್ನುತ್ತಾರೆ.

ಶೀಟ್‌ನಲ್ಲಿ ಒಂದು ಸಾಲು ಅಂದರೆ ಒಂದು ಘಟನೆ. ಸೆಲ್ ಮರ್ಜ್ ಮಾಡಬೇಡಿ. ಹಳದಿ ಬಣ್ಣ ಹಾಕಿದರೆ ರಿವರ್ಕ್ (ಮತ್ತೆ ಸರಿಪಡಿಸಿದ ಪೀಸ್) ಅಂತ ಅರ್ಥ ಅನ್ನುವ ಗುಟ್ಟು ಬೇಡ, ರಿವರ್ಕ್ ಅಂತ ಒಂದು ಕಾಲಂ ಮಾಡಿ. "12 ಪೀಸ್" ಅಂತ ಟೈಪ್ ಮಾಡಿದರೆ ಅದು ಅಂಕಿಯಲ್ಲ, ಬರಹ. 12 ಅಷ್ಟೇ ಇರಲಿ. 3/4 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್‌ಗೆ ಮಾರ್ಚ್ 4. ಬ್ಯಾಚ್ ನಂಬರ್ 0047 ಹಾಕಿದರೆ ಸೊನ್ನೆಗಳು ಹಾರಿಹೋಗಿ 47 ಉಳಿಯುತ್ತದೆ.

ಚಾರ್ಟ್ ಓದುವ ಅಭ್ಯಾಸಕ್ಕೆ ಒಂದು ಮೋಸ ಮಾಡಿ ತೋರಿಸಿ. ಸರಿಯಾದ ಪೀಸ್ ನೂರಕ್ಕೆ ಹೋದ ತಿಂಗಳು 96.4, ಈ ತಿಂಗಳು 97.4 ಅಂತಿರಲಿ. ಚಾರ್ಟ್‌ನ ಬುಡವನ್ನು 96ರಿಂದ ಶುರು ಮಾಡಿದರೆ ಎರಡನೇ ಕಂಬ ಮೂರೂವರೆ ಪಟ್ಟು ಎತ್ತರ ಕಾಣುತ್ತದೆ. ಸೊನ್ನೆಯಿಂದ ಶುರು ಮಾಡಿದರೆ ಎರಡೂ ಒಂದೇ. ಆಮೇಲೆ ಕಂಪನಿಯ ಹಳೆಯ ಪ್ರೆಸೆಂಟೇಷನ್‌ಗಳನ್ನು ತೆಗೆದು ಇಂಥ ಕಂಬ ಹುಡುಕಲು ಹೇಳಿ. ಖುಷಿಯಿಂದ ಹುಡುಕುತ್ತಾರೆ.

ಎಐ ಚಾಟ್‌ಬಾಟ್‌ಗೆ ಶೀಟ್ ಕೊಟ್ಟು ಸಾರಾಂಶ ಕೇಳುವವರು ಈಗ ಎಲ್ಲ ಕಡೆ ಇದ್ದಾರೆ. ಬೇಡ ಅನ್ನುವುದಿಲ್ಲ. ಅದು ಕೊಟ್ಟ ಉತ್ತರದಲ್ಲಿ ಒಂದೆರಡು ಅಂಕಿಯನ್ನಾದರೂ ಕೈಯಲ್ಲಿ ಕೂಡಿ ತಾಳೆ ನೋಡಿ. ಗಿರಾಕಿಯ ಡ್ರಾಯಿಂಗ್, ಕೆಲಸಗಾರರ ಹೆಸರು, ಫೋನ್ ನಂಬರ್, ಸಂಬಳ ಇವನ್ನು ಹೊರಗಿನ ಯಾವ ಸೇವೆಗೂ ಹಾಕಬೇಡಿ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ.

ಹೆಜ್ಜೆ 10: ಅವರೇ ಹೇಳಲಿ

ಹನ್ನೊಂದನೇ ವಾರ ತಂಡ ಎಲ್ಲರ ಮುಂದೆ ಐದು ನಿಮಿಷ ಮಾತಾಡಬೇಕು. ಗೋಡೆಯ ಚಾರ್ಟ್ ಪಕ್ಕದಲ್ಲೇ ನಿಂತು, ಕನ್ನಡದಲ್ಲಿ. ಏನು ಕೇಳಿದೆವು, ಏನು ಕಂಡೆವು, ಏನು ಇನ್ನೂ ಗೊತ್ತಾಗಿಲ್ಲ. ಮೂರನೆಯದನ್ನು ಬಿಡಲು ಕೊಡಬೇಡಿ. ಮಾತಾಡುವುದು ಆಪರೇಟರ್ ಅಥವಾ ಹೆಲ್ಪರ್, ಸೂಪರ್‌ವೈಸರ್ ಅಲ್ಲ. ತಂಡ ಕೇಳಿದ್ದಕ್ಕೆ ಮ್ಯಾನೇಜ್‌ಮೆಂಟ್ ಒಂದು ವಾರದೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಅಂತ ಉತ್ತರಿಸಬೇಕು. "ನೋಡೋಣ" ಅಂದರೆ ಮುಂದಿನ ಸಲ ಹಾಳೆ ಖಾಲಿ ಬರುತ್ತದೆ.

ಕಲಿತರಾ ಅಂತ ನೋಡಲು ಪರೀಕ್ಷೆ ಇಡಬೇಡಿ. ಮೀಟಿಂಗ್‌ನಲ್ಲಿ ಸುಮ್ನೆ ಕೂತು ಕಿವಿಗೊಡಿ. ನಾನು ಮೊದಲ ಸಲ ಇದನ್ನು ಮಾಡಿದ ಕಡೆ, ಕೊನೆಯ ವಾರ ಮ್ಯಾನೇಜರ್ "ಈ ತಿಂಗಳು ಕಂಪ್ಲೇಂಟ್ ಹತ್ತು ಬಂದಿದೆ" ಅಂದರು. ಹಿಂದಿನ ಸಾಲಿನಲ್ಲಿದ್ದ ಹೆಲ್ಪರ್ ಹುಡುಗಿ ಕೈ ಎತ್ತಿ ಕೇಳಿದಳು: "ಎಷ್ಟು ಡಿಸ್ಪ್ಯಾಚ್‌ನಲ್ಲಿ ಸಾರ್?" ಮ್ಯಾನೇಜರ್ ಹತ್ತಿರ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದವರಿಗೆ ಹುಡುಕಲು ಹೇಳಿದರು.

ಎರಡನೇ ಸುತ್ತಿಗೆ ಹೊಸ ತಂಡ ಮಾಡಿ, ಮೊದಲ ತಂಡದವರೇ ಕಲಿಸಲಿ. ನೀವು ಹಿಂದೆ ಸರಿಯಿರಿ. ಗ್ರಾಫ್ ಶೀಟ್ ಇನ್ನೊಂದು ಕಟ್ಟು ತಂದಿಡಿ, ಪೆನ್ನಿನ ದಾರ ಬದಲಾಯಿಸಿ. ಅಲಸಂದೆ ಡಬ್ಬಿಗೆ ನಾಲ್ಕು ಒಣಗಿದ ಬೇವಿನೆಲೆ ಹಾಕಿ ಮುಚ್ಚಿಡಿ. ಹುಳ ಹಿಡಿದರೆ 500 ಕಾಳು ಮತ್ತೆ ಎಣಿಸಬೇಕಾಗುತ್ತದೆ.